ಉದ್ದದ ರೈಲು ಪ್ರಯಾಣ ಪ್ಲ್ಯಾನ್ ಮಾಡುವುದು ಹೇಗೆ: ದಾರಿ ಹುಡುಕೋದರಿಂದ ಟಿಕೆಟ್ ತಗೊಳ್ಳೋವರೆಗೆ

"ಈ ಊರಿಂದ ಆ ಊರಿಗೆ ರೈಲಲ್ಲಿ ಹೋಗಬೇಕು, ಆ್ಯಪ್ ಮೂರು ದಾರಿ ತೋರಿಸ್ತಿದೆ, ಯಾವುದು ಹಿಡೀಲಿ? ಟಿಕೆಟ್ ಈಗಲೇ ತಗೊಳ್ಲಾ, ಕಾಯ್ಲಾ? ಪಾಸ್ ತಗೊಂಡ್ರೆ ಲಾಭಾನಾ?" ದೇಶ ಬೇರೆ ಬೇರೆ, ಆದರೆ ಬರುವ ಪ್ರಶ್ನೆಗಳು ಇವೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಇಡೀ ಕ್ರಮವನ್ನೇ ಇಲ್ಲಿ ಹಾಕುತ್ತಿದ್ದೇನೆ. ಯುರೋಪ್, ಜಪಾನ್, ಚೀನಾ, ಅಮೆರಿಕ, ಎಲ್ಲೇ ಆದರೂ ಕೆಲಸ ಸಾಗುವುದು ಹೆಚ್ಚು ಕಡಿಮೆ ಹೀಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಅಗ್ಗದ ಟಿಕೆಟ್ ಹುಡುಕುವುದರಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿಯೊಂದು ಉದ್ದದ ಪ್ರಯಾಣದಲ್ಲೂ ಒಂದು ಹಠಮಾರಿ ರೈಲು ಇರುತ್ತದೆ. ವಾರಕ್ಕೆ ಒಂದೆರಡು ಸಲ ಮಾತ್ರ ಓಡುವಂಥದ್ದು, ಅಥವಾ ಬರ್ತ್‌ಗಳು ತಿಂಗಳುಗಟ್ಟಲೆ ಮೊದಲೇ ಖಾಲಿಯಾಗುವಂಥದ್ದು, ಅಥವಾ ಗಡಿ ದಾಟೋಕೆ ಅದೊಂದೇ ಇರುವಂಥದ್ದು. ಅದು ನಿಮ್ಮ ಅನುಕೂಲಕ್ಕೆ ಬಗ್ಗಲ್ಲ, ನೀವೇ ಅದಕ್ಕೆ ಬಗ್ಗಬೇಕು. ಮೊದಲು ಆ ರೈಲು ಯಾವುದು ಅಂತ ಕಂಡುಕೊಳ್ಳಿ. ಉಳಿದದ್ದನ್ನೆಲ್ಲ ಅದರ ಹಿಂದೆ ಮುಂದೆ ಜೋಡಿಸಿ.

ಮೊದಲು ಏನೇನು ಬೇಕು

ಒಂದು ಸ್ಪ್ರೆಡ್‌ಶೀಟ್ ಅಥವಾ ಒಂದು ಹಾಳೆ, ಎರಡೂ ನಡೆಯುತ್ತದೆ. ಹಳಿಗಳ ನಕ್ಷೆಗೆ ಓಪನ್‌ರೈಲ್ವೇಮ್ಯಾಪ್ ನೋಡಿ, ದುಡ್ಡು ಕೊಡಬೇಕಿಲ್ಲ, ಜಗತ್ತಿನ ಬಹುಪಾಲು ಹಳಿಗಳು ಅದರಲ್ಲಿವೆ. ಯುರೋಪಿನ ವೇಳಾಪಟ್ಟಿಗೆ ಜರ್ಮನಿಯ ರೈಲ್ವೆ ಸಂಸ್ಥೆ ಡಾಯ್ಚ ಬಾನ್‌ನ ಸೈಟು ಒಳ್ಳೆಯದು. ಜರ್ಮನಿಗೆ ಕಾಲಿಡದ ರೈಲುಗಳ ಸಮಯವನ್ನೂ ಅದು ತೋರಿಸುತ್ತದೆ, ಟಿಕೆಟ್ ಮಾತ್ರ ಎಲ್ಲದಕ್ಕೂ ಮಾರಲ್ಲ. ಒಂದು ನಿಲ್ದಾಣದಿಂದ ನೇರವಾಗಿ ಎಲ್ಲೆಲ್ಲಿಗೆ ರೈಲಿದೆ ಅಂತ ನಕ್ಷೆಯಲ್ಲೇ ನೋಡಬೇಕಾದರೆ ಡಿರೆಕ್ಟ್ ಬಾನ್ ಗುರು ಅನ್ನುವ ಸೈಟಿದೆ. ಯಾವ ದೇಶದಲ್ಲಿ ಹೇಗೆ ಬುಕ್ ಮಾಡಬೇಕು, ಬೋಗಿ ಒಳಗೆ ಹೇಗಿರುತ್ತದೆ ಅನ್ನುವುದಕ್ಕೆ ಸೀಟ್ 61 ಸೈಟನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಕೊನೆಗೆ ಆಯಾ ದೇಶದ ರೈಲ್ವೆಯದೇ ಸೈಟು. ಸಮಯ, ದರ, ಹಳಿ ಕೆಲಸ, ಯಾವುದರ ಬಗ್ಗೆ ಅನುಮಾನ ಬಂದರೂ ಅಲ್ಲಿರುವುದೇ ಕೊನೆಯ ಮಾತು.

ಹಂತ 1: ನಕ್ಷೆಯಲ್ಲಿ ಹಳಿ ನೋಡಿ, ಆ್ಯಪ್ ಆಮೇಲೆ

ಆ್ಯಪ್ ನಿಮಗೆ ವೇಗದ ದಾರಿ ತೋರಿಸುತ್ತದೆ. ಬೇರೆ ದಾರಿಗಳೂ ಇವೆ ಅಂತ ಅದಾಗಿ ಹೇಳಲ್ಲ.

ಜರ್ಮನಿಯ ಕಲೋನ್‌ನಿಂದ ಫ್ರಾಂಕ್‌ಫರ್ಟ್‌ಗೆ ಹುಡುಕಿ ನೋಡಿ. 2002ರಲ್ಲಿ ಶುರುವಾದ ಹೈಸ್ಪೀಡ್ ಹಳಿಯ ಮೇಲೆ ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುವ ರೈಲುಗಳೇ ಮೊದಲು ಬರುತ್ತವೆ. ಒಂದು ಗಂಟೆ, ಸ್ವಲ್ಪ ಹೆಚ್ಚು. ಆದರೆ ಕೊಬ್ಲೆಂಜ್ ಮೇಲೆ ಹೋಗುವ ಹಳೆಯ ದಾರಿಯೂ ಇದೆ. ರೈನ್ ನದಿಯ ದಡದಲ್ಲೇ ಸಾಗುತ್ತದೆ, ಕೋಟೆಗಳು, ದ್ರಾಕ್ಷಿ ತೋಟಗಳು, ಲೋರ್‌ಲೈ ಬಂಡೆ ಎಲ್ಲ ಕಿಟಕಿಯಲ್ಲೇ. ಸುಮಾರು ಎರಡೂ ಕಾಲು ಗಂಟೆ ಆಗುತ್ತದೆ. ಊರುಗಳು ಅವೇ, ಪ್ರಯಾಣ ಪೂರ್ತಿ ಬೇರೆ. ಹಳೆಯ ದಾರಿ ಬೇಕಿದ್ದರೆ "ವಯಾ" ಅಂತ ಇರುವ ಜಾಗದಲ್ಲಿ ಕೊಬ್ಲೆಂಜ್ ಹಾಕಿ ಹುಡುಕಬೇಕು. ಅಂದಹಾಗೆ ಕಲೋನ್ ಕಡೆಯಿಂದ ಹೋಗುವಾಗ ನದಿ ಎಡಕ್ಕೆ ಬರುತ್ತದೆ.

ಸ್ವಿಟ್ಜರ್ಲೆಂಡಿನ ಗೊಟಾರ್ಡ್ ಕೂಡ ಹಾಗೇ. 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಬೇಸ್ ಟನಲ್‌ನಲ್ಲಿ ರೈಲು ಬೆಟ್ಟದ ಬುಡದಲ್ಲೇ ನುಗ್ಗಿ ಆಚೆ ಬರುತ್ತದೆ. ಬೇಗ ಆಗುತ್ತದೆ, ಕಾಣುವುದು ಮಾತ್ರ ಕತ್ತಲು. ಮೇಲಿನ ಹಳೆಯ ಹಳಿ ಇನ್ನೂ ಇದೆ, ಅಲ್ಲಿ ರೈಲುಗಳೂ ಓಡುತ್ತವೆ. ಹಳಿ ಬೆಟ್ಟದೊಳಗೆ ಸುತ್ತು ಹಾಕಿ ಹಾಕಿ ಏರುವುದರಿಂದ ವಾಸ್ಸೆನ್ ಅನ್ನುವ ಹಳ್ಳಿಯ ಚರ್ಚು ಮೂರು ಸಲ, ಮೂರು ಬೇರೆ ಎತ್ತರದಿಂದ ಕಾಣುತ್ತದೆ. ಗಂಟೆಯಷ್ಟು ಜಾಸ್ತಿ ಹಿಡಿಯುತ್ತದೆ. ಸಮಯ ಇದ್ದರೆ ನಾನು ಯಾವಾಗಲೂ ಮೇಲಿನ ದಾರಿಯನ್ನೇ ಹೇಳುತ್ತೇನೆ.

ನಕ್ಷೆ ನೋಡುವಾಗ ಗೇಜ್ ಕಡೆಗೂ ಒಂದು ಕಣ್ಣಿರಲಿ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ. ಯುರೋಪಿನ ಬಹುಭಾಗ ಮತ್ತು ಚೀನಾದಲ್ಲಿ 1435 ಮಿ.ಮೀ., ರಷ್ಯಾ, ಮಂಗೋಲಿಯ ಕಡೆ 1520, ಸ್ಪೇನ್ ಮತ್ತು ಪೋರ್ಚುಗಲ್‌ನ ಹಳೆಯ ಹಳಿಗಳಲ್ಲಿ 1668. ಇದನ್ನೆಲ್ಲ ಯಾಕೆ ತಿಳಿಯಬೇಕು ಅಂದರೆ, ಗೇಜ್ ಬದಲಾಗುವ ಗಡಿಯಲ್ಲಿ ನೀವು ರೈಲು ಬದಲಿಸಬೇಕಾಗುತ್ತದೆ, ಇಲ್ಲವೇ ಬೋಗಿಯನ್ನೇ ಎತ್ತಿ ಕೆಳಗಿನ ಚಕ್ರದ ಸೆಟ್ ಬದಲಿಸುವವರೆಗೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಚೀನಾ ಮತ್ತು ಮಂಗೋಲಿಯದ ಗಡಿಯಲ್ಲಿ ಆಗುವುದು ಎರಡನೆಯದು.

ಹಂತ 2: ಹಠಮಾರಿ ರೈಲನ್ನು ಗುರುತಿಸಿ

ದಾರಿಯಲ್ಲಿರುವ ಒಂದೊಂದು ರೈಲಿಗೂ ಎರಡು ಪ್ರಶ್ನೆ ಕೇಳಿ. ಇದು ದಿನಾ ಓಡುತ್ತಾ? ಇದು ತಪ್ಪಿದರೆ ಮುಂದಿನದು ಯಾವಾಗ?

ಸಿಡ್ನಿಯಿಂದ ಪರ್ತ್‌ಗೆ 4352 ಕಿ.ಮೀ. ಹೋಗುವ ಇಂಡಿಯನ್ ಪೆಸಿಫಿಕ್ ವಾರಕ್ಕೊಮ್ಮೆ. ನ್ಯೂ ಆರ್ಲಿಯನ್ಸ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗುವ ಸನ್‌ಸೆಟ್ ಲಿಮಿಟೆಡ್ ವಾರಕ್ಕೆ ಮೂರು ಸಲ. ಲಂಡನ್‌ನಿಂದ ಸ್ಕಾಟ್ಲೆಂಡಿಗೆ ಹೋಗುವ ಕ್ಯಾಲೆಡೋನಿಯನ್ ಸ್ಲೀಪರ್ ಶನಿವಾರ ರಾತ್ರಿ ಓಡುವುದೇ ಇಲ್ಲ. ಇಂಥ ಒಂದು ರೈಲು ನಿಮ್ಮ ದಾರಿಯಲ್ಲಿದ್ದರೆ ಪ್ರಯಾಣದ ದಿನಾಂಕವನ್ನು ಆ ರೈಲೇ ತೀರ್ಮಾನಿಸುತ್ತದೆ, ರಜೆ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.

ಇದಕ್ಕೆ ತದ್ವಿರುದ್ಧ ಸ್ವಿಟ್ಜರ್ಲೆಂಡ್. ಅಲ್ಲಿ 1982ರಿಂದ ಒಂದೇ ಲಯದ ವೇಳಾಪಟ್ಟಿ ಇದೆ. ಅಂದರೆ ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಅದೇ ರೈಲು, ದೊಡ್ಡ ಜಂಕ್ಷನ್‌ಗಳಲ್ಲಿ ಎಲ್ಲ ದಿಕ್ಕಿನ ರೈಲುಗಳೂ ಹೆಚ್ಚು ಕಡಿಮೆ ಒಟ್ಟಿಗೆ ಬಂದು ಒಟ್ಟಿಗೆ ಹೊರಡುತ್ತವೆ. ಒಂದು ತಪ್ಪಿದರೆ ಅರ್ಧ ಗಂಟೆಯೋ ಒಂದು ಗಂಟೆಯೋ ಹೋಯಿತು, ಅಷ್ಟೇ. ಇಂಥ ಕಡೆ ಪ್ಲ್ಯಾನ್ ಮಾಡುತ್ತಾ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಾರಿ ಹೋಲಿಸುವಾಗ ಜನ ವೇಗವನ್ನೇ ನೋಡುತ್ತಾರೆ, ಎಷ್ಟು ಹೊತ್ತಿಗೊಂದು ರೈಲು ಅನ್ನುವುದನ್ನು ನೋಡುವುದೇ ಇಲ್ಲ. ನನ್ನನ್ನು ಕೇಳಿದರೆ ಎರಡನೆಯದಕ್ಕೇ ಬೆಲೆ ಜಾಸ್ತಿ.

ಇನ್ನೊಂದು ಸೂಕ್ಷ್ಮ ಇದೆ. ಹೆಸರಾಂತ ಪ್ರವಾಸಿ ರೈಲು ಹಠಮಾರಿಯಾಗಿರಬಹುದು, ಆದರೆ ಅದರ ಹಳಿ ಹಾಗಿರಬೇಕಿಲ್ಲ. ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿಗೆ ಸೀಟು ಕಾದಿರಿಸಲೇಬೇಕು, ಪಾಸ್ ಇದ್ದರೂ ಅದಕ್ಕೆ ಬೇರೆ ದುಡ್ಡು. ಬರ್ನಿನಾ ಎಕ್ಸ್‌ಪ್ರೆಸ್ಸೂ ಅಷ್ಟೇ. ಆದರೆ ಅದೇ ಹಳಿಗಳ ಮೇಲೆ ಸಾಮಾನ್ಯ ಸ್ಥಳೀಯ ರೈಲುಗಳು ದಿನವಿಡೀ ಓಡುತ್ತವೆ. ಸೀಟು ಕಾದಿರಿಸಬೇಕಿಲ್ಲ, ಎಲ್ಲಿ ಬೇಕಾದರೂ ಇಳಿದು ಮುಂದಿನದಕ್ಕೆ ಹತ್ತಬಹುದು. ಹಲವು ಬೋಗಿಗಳಲ್ಲಿ ಕಿಟಕಿಯೂ ತೆರೆಯುತ್ತದೆ, ಪ್ರವಾಸಿ ರೈಲಿನ ದೊಡ್ಡ ಗಾಜಿನಲ್ಲಿ ನಿಮ್ಮದೇ ಮುಖ ಫೋಟೋದಲ್ಲಿ ಬೀಳುವ ಕಾಟ ಇರಲ್ಲ. ಹೆಸರಿಗೆ ಮರುಳಾಗಿ ಸುಮ್ನೆ ದುಡ್ಡು ಕೊಡುವ ಮೊದಲು ಇದೊಂದನ್ನು ವಿಚಾರಿಸಿ.

ಹಂತ 3: ವೇಳಾಪಟ್ಟಿ ಸರಿಯಾಗಿ ಓದಿ

ಇಲ್ಲಿ ಎಡವುವವರೇ ಜಾಸ್ತಿ.

ಮೊದಲನೆಯದು ದಿನಾಂಕ. ರೈಲು 00:10ಕ್ಕೆ ಹೊರಡುತ್ತದೆ ಅಂದರೆ ನೀವು ಹಿಂದಿನ ದಿನ ರಾತ್ರಿಯೇ ನಿಲ್ದಾಣದಲ್ಲಿರಬೇಕು. 14ನೇ ತಾರೀಕಿನ ಟಿಕೆಟ್ ಹಿಡಿದು 14ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ.

ಎರಡನೆಯದು ಗಡಿಯಾರ. ವೇಳಾಪಟ್ಟಿಯಲ್ಲಿ ಇರುವುದು ಸಾಮಾನ್ಯವಾಗಿ ಆಯಾ ನಿಲ್ದಾಣದ ಸ್ಥಳೀಯ ಸಮಯ. ಶಿಕಾಗೋದಿಂದ ಎಮೆರಿವಿಲ್‌ಗೆ ಹೋಗುವ ಕ್ಯಾಲಿಫೋರ್ನಿಯ ಜೆಫರ್ ಮೊದಲ ದಿನ ಮಧ್ಯಾಹ್ನ 2ರ ಹೊತ್ತಿಗೆ ಹೊರಟು ಮೂರನೇ ದಿನ ಸಂಜೆ 4ರ ಹೊತ್ತಿಗೆ ತಲುಪುತ್ತದೆ. ಲೆಕ್ಕ ಹಾಕಿದರೆ 50 ಗಂಟೆ ಅನಿಸುತ್ತದೆ. ನಡುವೆ ಗಡಿಯಾರ ಎರಡು ಗಂಟೆ ಹಿಂದಕ್ಕೆ ಹೋಗಿರುತ್ತದೆ, ಹಾಗಾಗಿ ರೈಲಿನಲ್ಲಿ ಕೂರುವುದು ಸುಮಾರು 52 ಗಂಟೆ. ರಷ್ಯಾದಲ್ಲಿ 2018ರವರೆಗೆ ಪದ್ಧತಿಯೇ ಬೇರೆ ಇತ್ತು, ಮಾಸ್ಕೋದಿಂದ 9289 ಕಿ.ಮೀ. ದೂರದ ವ್ಲಾಡಿವೊಸ್ಟಾಕ್‌ನಲ್ಲೂ ವೇಳಾಪಟ್ಟಿ ಮಾಸ್ಕೋ ಸಮಯದಲ್ಲೇ ಇರುತ್ತಿತ್ತು. ಈಗ ಅಲ್ಲೂ ಸ್ಥಳೀಯ ಸಮಯ. ಹಳೆಯ ಲೇಖನ ಓದಿ ಲೆಕ್ಕ ಹಾಕಿದರೆ ಏಳು ಗಂಟೆ ಆಚೀಚೆ ಆಗುತ್ತದೆ.

ಮೂರನೆಯದು ವೇಳಾಪಟ್ಟಿ ಬದಲಾಗುವ ದಿನ. ಯುರೋಪಿನಲ್ಲಿ ಡಿಸೆಂಬರ್‌ನ ಎರಡನೇ ಶನಿವಾರ ನಡುರಾತ್ರಿಗೆ ಹೊಸ ವೇಳಾಪಟ್ಟಿ ಬರುತ್ತದೆ, ಜೂನ್‌ನಲ್ಲಿ ಸಣ್ಣ ಬದಲಾವಣೆ. ನಿಮ್ಮ ಪ್ರಯಾಣ ಜನವರಿಯಲ್ಲಿದ್ದು ನೀವು ಆಗಸ್ಟ್‌ನಲ್ಲಿ ಹುಡುಕಿ "ರೈಲೇ ಇಲ್ಲ" ಅಂತ ಕೈಬಿಟ್ಟರೆ ಅದು ನಿಜ ಆಗಿರಬೇಕಿಲ್ಲ. ಹೊಸ ವೇಳಾಪಟ್ಟಿ ಇನ್ನೂ ಸೈಟಿಗೆ ಬಂದಿಲ್ಲ ಅಂತ ಅಷ್ಟೇ. ಮುಂದಿನ ವಾರದ ಅದೇ ವಾರದ ದಿನ ಹಾಕಿ ನೋಡಿ, ರೈಲುಗಳ ಅಂದಾಜು ಸಿಗುತ್ತದೆ.

ಮುದ್ರಿಸಿದ ವೇಳಾಪಟ್ಟಿ ನೋಡುವವರಿಗೆ: ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಚಿತ್ರ ಇದ್ದರೆ ಆ ರೈಲು ಕೆಲಸದ ದಿನಗಳಲ್ಲಿ ಮಾತ್ರ. ವೃತ್ತದೊಳಗಿನ 1ರಿಂದ 7ರವರೆಗಿನ ಅಂಕಿಗಳು ಸೋಮವಾರದಿಂದ ಭಾನುವಾರ.

ಹಂತ 4: ನಿಲ್ದಾಣದ ಹೆಸರು ಪೂರ್ತಿ ಓದಿ

ಊರಿನ ಹೆಸರು ಸರಿ ಇದೆ ಅಂತ ಮುಂದೆ ಹೋಗಬೇಡಿ. ಪ್ಯಾರಿಸ್‌ನಲ್ಲಿ ಲಂಡನ್ ಕಡೆಯ ರೈಲು ಬಂದು ನಿಲ್ಲುವುದು ಗಾರ್ ದ್ಯು ನೋರ್‌ನಲ್ಲಿ, ಲಿಯೋನ್ ಕಡೆಗೆ ಹೊರಡುವುದು ಗಾರ್ ದ ಲಿಯೋನ್‌ನಿಂದ. ಎರಡರ ನಡುವೆ ಸಾಮಾನು ಹೊತ್ತು ಲೋಕಲ್ ರೈಲೋ ಮೆಟ್ರೋನೋ ಹಿಡಿಯಬೇಕು. ಇದಕ್ಕೆ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಬುಡಾಪೆಸ್ಟ್‌ನಲ್ಲೂ ಮೂರು ದೊಡ್ಡ ನಿಲ್ದಾಣಗಳಿವೆ. ಲಂಡನ್‌ನಲ್ಲಂತೂ ಕೇಳಲೇಬೇಡಿ.

ಜಪಾನಿನಲ್ಲಿ ಶಿಂಕಾನ್ಸೆನ್ ಅನ್ನುವ ಹೈಸ್ಪೀಡ್ ರೈಲು ಒಸಾಕಾ ನಿಲ್ದಾಣಕ್ಕೆ ಬರುವುದೇ ಇಲ್ಲ, ಶಿನ್-ಒಸಾಕಾದಲ್ಲಿ ನಿಲ್ಲುತ್ತದೆ. ಚೀನಾದಲ್ಲಿ ಊರಿನ ಹೆಸರಿನ ಕೊನೆಗೆ ಬರುವ ದಿಕ್ಕು ಮುಖ್ಯ: ನಾನ್ ಅಂದರೆ ದಕ್ಷಿಣ, ಬೈ ಉತ್ತರ, ದೊಂಗ್ ಪೂರ್ವ, ಶಿ ಪಶ್ಚಿಮ. ಶಾಂಘೈಗೆ ಹೋಗುವ ಹೈಸ್ಪೀಡ್ ರೈಲುಗಳು ಹೊರಡುವುದು ಬೈಜಿಂಗ್ ನಾನ್‌ನಿಂದ, ಸುಮ್ನೆ "ಬೈಜಿಂಗ್" ಅನ್ನುವ ನಿಲ್ದಾಣ ಬೇರೆಯೇ ಇದೆ. ಜರ್ಮನಿಯಲ್ಲಿ ಎರಡು ಫ್ರಾಂಕ್‌ಫರ್ಟ್ ಇವೆ, ಒಂದು ಮೈನ್ ನದಿಯ ಮೇಲೆ, ಇನ್ನೊಂದು ಪೋಲೆಂಡ್ ಗಡಿಯ ಓಡರ್ ನದಿಯ ಮೇಲೆ. ವೆನಿಸ್‌ನಲ್ಲಿ ಮೆಸ್ತ್ರೆ ಅಂದರೆ ನೆಲದ ಕಡೆಯ ಊರು, ಕಾಲುವೆಗಳ ಊರು ಬೇಕಾದರೆ ಸಾಂತಾ ಲೂಚಿಯಾವರೆಗೆ ಹೋಗಬೇಕು. ಮೇಲೆ ಹೇಳಿದ ಜೆಫರ್ ಕೂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲ್ಲ, ಕೊಲ್ಲಿಯ ಈಚೆ ದಡದ ಎಮೆರಿವಿಲ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಬಸ್ಸು.

ಇನ್ನು, ಊರುಗಳನ್ನು ಸ್ಥಳೀಯ ಹೆಸರಲ್ಲೇ ಹುಡುಕಿ. ಫ್ಲಾರೆನ್ಸ್ ಅಂದರೆ ಅಲ್ಲಿ ಫಿರೆಂಜೆ, ವಿಯೆನ್ನಾ ಅಂದರೆ ವೀನ್. ನಿಲ್ದಾಣದ ಬೋರ್ಡಿನ ಮೇಲೂ ಅದೇ ಬರುತ್ತದೆ.

ಹಂತ 5: ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಈಗ ಹಾಳೆ ತೆಗೆಯಿರಿ. ಒಂದೊಂದು ದಾರಿಗೆ ಒಂದೊಂದು ಸಾಲು. ರೈಲಿನ ಸಮಯ ಬರೆಯಬೇಡಿ, ಮನೆ ಬಾಗಿಲಿನಿಂದ ಇಳಿಯುವ ಜಾಗದ ಬಾಗಿಲವರೆಗಿನ ಸಮಯ ಬರೆಯಿರಿ. ಲಂಡನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ ಸುಮಾರು ಎರಡೂ ಕಾಲು ಗಂಟೆ, ನಿಜ. ಆದರೆ ಹತ್ತುವ ಮೊದಲೇ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಸ್ಕ್ಯಾನ್ ಎಲ್ಲ ಇದೆ. ಹೊರಡುವ ಅರ್ಧ ಗಂಟೆ ಮೊದಲು ಗೇಟ್ ಮುಚ್ಚುತ್ತಾರೆ, ಅದಕ್ಕೂ ಸಾಕಷ್ಟು ಮೊದಲು ಅಲ್ಲಿರಬೇಕು. ವಿಮಾನದ ಜೊತೆ ಹೋಲಿಸುವಾಗ ವಿಮಾನಕ್ಕೂ ಹೀಗೇ ಲೆಕ್ಕ ಹಾಕಿ, ಆಗ ಹೋಲಿಕೆ ನ್ಯಾಯವಾಗಿರುತ್ತದೆ.

ಆಮೇಲೆ ಸರಾಸರಿ ವೇಗ ಹಾಕಿ ನೋಡಿ, ದೂರ ಭಾಗಿಸು ಗಂಟೆ. ಈ ಒಂದು ಅಂಕಿ ರೈಲಿನ ಗುಣವನ್ನೇ ಹೇಳುತ್ತದೆ. ಬೈಜಿಂಗ್‌ನಿಂದ ಶಾಂಘೈ 1318 ಕಿ.ಮೀ., ವೇಗದ ರೈಲುಗಳು ಸುಮಾರು ನಾಲ್ಕೂವರೆ ಗಂಟೆಯೊಳಗೆ ಮುಗಿಸುತ್ತವೆ, ಅಂದರೆ ಗಂಟೆಗೆ 300 ಕಿ.ಮೀ. ಆಸುಪಾಸು. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾ 621 ಕಿ.ಮೀ. ಎರಡೂವರೆ ಗಂಟೆಯಲ್ಲಿ, ಹತ್ತಿರ ಹತ್ತಿರ 250. ಜೆಫರ್ ಸುಮಾರು 3900 ಕಿ.ಮೀ. 52 ಗಂಟೆಯಲ್ಲಿ, ಬರೀ 75. 200ಕ್ಕಿಂತ ಮೇಲಿದ್ದರೆ ಅದು ವಿಮಾನಕ್ಕೆ ಪೈಪೋಟಿ ಕೊಡುವ ರೈಲು, ಸಮಯ ನೋಡಿ ಆರಿಸಿ. 80ಕ್ಕಿಂತ ಕೆಳಗಿದ್ದರೆ ಕಿಟಕಿ ಪಕ್ಕ ಕೂರುವುದೇ ಅದರ ಉದ್ದೇಶ, ತಲುಪುವ ಆತುರ ಇರುವವರಿಗೆ ಹೇಳಿ ಮಾಡಿಸಿದ್ದಲ್ಲ.

ದೂರದಲ್ಲೂ ಒಂದು ಮೋಸ ಇದೆ. ಟೋಕಿಯೋದಿಂದ ಶಿನ್-ಒಸಾಕಾಗೆ ಶಿಂಕಾನ್ಸೆನ್ ಓಡುವ ನಿಜವಾದ ದೂರ 515.4 ಕಿ.ಮೀ. ಟಿಕೆಟ್ ದರಕ್ಕೆ ಹಿಡಿಯುವ ದೂರ 552.6. ಹಳೆಯ ಹಳಿಯ ಉದ್ದವನ್ನೇ ದರಕ್ಕೆ ಇಟ್ಟುಕೊಂಡಿದ್ದಾರೆ. ಹಾಗಾಗಿ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಕಂಡರೆ ಗಾಬರಿ ಬೇಡ.

ಖರ್ಚಿನ ಕಾಲಂನಲ್ಲಿ ಟಿಕೆಟ್ ಜೊತೆ ಸೀಟು ಕಾದಿರಿಸುವ ಶುಲ್ಕ, ಊರೊಳಗಿನ ಓಡಾಟ, ನಡುವೆ ತಂಗಬೇಕಾದರೆ ಹೋಟೆಲ್, ಎಲ್ಲ ಸೇರಿಸಿ. ರಾತ್ರಿ ರೈಲಿಗೆ ಒಂದು ರಾತ್ರಿಯ ಹೋಟೆಲ್ ಖರ್ಚು ಕಳೆಯಿರಿ. ಆದರೆ ಯಾವ ದರ್ಜೆ ಅಂತ ನೋಡಿ ಕಳೆಯಿರಿ. ಯುರೋಪಿನಲ್ಲಿ ಕುಶೆಟ್ ಅಂದರೆ ನಾಲ್ಕು ಅಥವಾ ಆರು ಜನ ಮಲಗುವ ಸಾದಾ ಬರ್ತ್‌ಗಳ ಕೋಣೆ, ಸ್ಲೀಪರ್ ಅಂದರೆ ಒಬ್ಬರಿಂದ ಮೂವರಿಗೆ ಹಾಸಿಗೆ ಹಾಸಿದ ಕೋಣೆ. ಚೀನಾದಲ್ಲಿ ಹಾರ್ಡ್ ಸ್ಲೀಪರ್ ಅಂದರೆ ಬಾಗಿಲಿಲ್ಲದ ಆರು ಬರ್ತ್‌ಗಳ ವಿಭಾಗ, ಸಾಫ್ಟ್ ಸ್ಲೀಪರ್ ಅಂದರೆ ಬಾಗಿಲಿರುವ ನಾಲ್ಕು ಬರ್ತ್‌ಗಳದು. ರಷ್ಯಾದ ಪ್ಲಾಟ್ಸ್‌ಕಾರ್ಟ್ ಬಾಗಿಲಿಲ್ಲದ 54 ಬರ್ತ್‌ಗಳ ಬೋಗಿ. ರಾತ್ರಿಯಿಡೀ ಕುರ್ಚಿಯಲ್ಲೇ ಕೂತು ಬೆಳಿಗ್ಗೆ ಇಳಿದು ನಿದ್ದೆಗೆ ಮತ್ತೆ ಹೋಟೆಲ್ ಹಿಡಿದರೆ ಉಳಿತಾಯ ಎಲ್ಲಿ ಬಂತು?

ಕೊನೆಯ ಕಾಲಂ, ಹೆಚ್ಚಿನವರು ಮರೆಯುವಂಥದ್ದು: ಬೆಳಕು. ನೋಡಬೇಕಾದ ಭಾಗವನ್ನು ರೈಲು ಯಾವ ಹೊತ್ತಿಗೆ ದಾಟುತ್ತದೆ? ಓಸ್ಲೋದಿಂದ ಬರ್ಗನ್‌ಗೆ ಹೋಗುವ ಹಳಿ 1222 ಮೀಟರ್ ಎತ್ತರದ ಫಿನ್ಸೆ ಮೂಲಕ ಹೋಗುತ್ತದೆ, ಏಳು ಗಂಟೆಯ ಆಸುಪಾಸಿನ ಪ್ರಯಾಣ, ಬಲು ಚೆನ್ನ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ರೈಲು ಹಿಡಿದರೆ ಮೂರೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ಉಳಿದದ್ದು ಕಪ್ಪು ಗಾಜು. ಬೆಳಗಿನ ರೈಲೇ ಹಿಡಿಯಬೇಕು.

ಕಿಟಕಿ ಯಾವ ಕಡೆ ಅನ್ನುವುದನ್ನೂ ಇಲ್ಲೇ ಬರೆದುಕೊಳ್ಳಿ. ಟೋಕಿಯೋದಿಂದ ಕ್ಯೋಟೋ ಕಡೆ ಹೋಗುವಾಗ ಫುಜಿ ಬೆಟ್ಟ ಬಲಕ್ಕೆ, ಸಾಮಾನ್ಯ ದರ್ಜೆಯಲ್ಲಿ ಇ ಸೀಟು. ಆದರೆ ಫ್ರಾಂಕ್‌ಫರ್ಟ್, ಜ್ಯೂರಿಕ್‌ನಂಥ ನಿಲ್ದಾಣಗಳಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ, ರೈಲು ಹಿಮ್ಮುಖವಾಗಿ ಹೊರಡುತ್ತದೆ. ಅಲ್ಲಿಂದ ಮುಂದೆ ಮುಂದಕ್ಕೆ ಮುಖ ಮಾಡಿದ್ದ ಸೀಟು ಹಿಂದಕ್ಕೆ, ಬಲ ಎಡ.

ಹಂತ 6: ರೈಲು ಬದಲಿಸುವ ಸಮಯ ಮತ್ತು ಟಿಕೆಟ್‌ನ ಬಗೆ

ಆ್ಯಪ್ ಎಂಟು ನಿಮಿಷದಲ್ಲಿ ರೈಲು ಬದಲಿಸಿ ಅನ್ನುತ್ತದೆ. ಓಡಿದರೆ ಆಗುತ್ತದೆ, ಮೊದಲ ರೈಲು ಸಮಯಕ್ಕೆ ಬಂದರೆ. ನನ್ನ ಲೆಕ್ಕ ಹೀಗೆ: ಮುಂದಿನ ರೈಲು ಅರ್ಧ ಗಂಟೆಗೊಂದಿದ್ದರೆ ಎಂಟು ನಿಮಿಷವೂ ಸಾಕು. ಎರಡು ಗಂಟೆಗೊಂದಿದ್ದರೆ ಅರ್ಧ ಗಂಟೆ ಇಡಿ. ಮುಂದಿನದು ಹಠಮಾರಿ ರೈಲಾಗಿದ್ದರೆ, ಅದಕ್ಕೂ ಮೊದಲು ಇನ್ನೊಂದು ರೈಲು ಕೈಕೊಟ್ಟರೂ ತಲುಪುವಷ್ಟು ಸಮಯ ಇಡಿ. ಆ ರೈಲು ವಾರಕ್ಕೊಂದಾಗಿದ್ದರೆ ಹಿಂದಿನ ರಾತ್ರಿಯೇ ಆ ಊರಿನಲ್ಲಿರಿ, ಇದರಲ್ಲಿ ಚೌಕಾಸಿ ಬೇಡ.

ಉತ್ತರ ಅಮೆರಿಕದ ದೂರದ ರೈಲುಗಳಿಗೆ ಲೆಕ್ಕವೇ ಬೇರೆ. ಅಲ್ಲಿ ಬಹುಪಾಲು ಹಳಿ ಗೂಡ್ಸ್ ಕಂಪನಿಗಳದ್ದು, ಪ್ರಯಾಣಿಕರ ರೈಲು ಅವರ ಹಳಿಯ ಮೇಲೆ ಓಡುತ್ತದೆ. ಉದ್ದುದ್ದ ಗೂಡ್ಸ್ ಗಾಡಿ ದಾಟುವವರೆಗೆ ಪಕ್ಕದ ಹಳಿಯಲ್ಲಿ ನಿಂತು ನಿಂತು ಗಂಟೆಗಟ್ಟಲೆ ತಡ ಆಗುವುದು ಅಲ್ಲಿ ಮಾಮೂಲು. ಟೊರಾಂಟೋದಿಂದ ವ್ಯಾಂಕೂವರ್‌ಗೆ ನಾಲ್ಕು ರಾತ್ರಿ ಓಡುವ ಕೆನೇಡಿಯನ್ ರೈಲಿಳಿದು ಅದೇ ದಿನ ವಿಮಾನ ಹಿಡಿಯುವ ಯೋಚನೆ ಮಾಡಲೇಬೇಡಿ.

ಟಿಕೆಟ್‌ನಲ್ಲಿ ಎರಡು ಬಗೆ. ಎರಡು ಮೂರು ರೈಲುಗಳಿಗೆ ಸೇರಿ ಒಂದೇ ಒಪ್ಪಂದದ ಮೇಲೆ ಕೊಟ್ಟದ್ದು ಥ್ರೂ ಟಿಕೆಟ್. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲಿನಲ್ಲಿ ಕಳಿಸುವ ಹೊಣೆ ರೈಲ್ವೆಯದು. ಬಿಡಿಬಿಡಿಯಾಗಿ ತಗೊಂಡರೆ ಅಗ್ಗ ಬೀಳಬಹುದು, ಆದರೆ ತಪ್ಪಿದ್ದು ತಪ್ಪಿದ್ದೇ, ಎರಡನೇ ಟಿಕೆಟ್ ಹೊಸದಾಗಿ ತಗೊಳ್ಳಬೇಕಾಗಬಹುದು. ಒಂದೇ ಆ್ಯಪ್‌ನಲ್ಲಿ ಒಂದೇ ಸಲ ದುಡ್ಡು ಕಟ್ಟಿದಿರಿ ಅಂದ ಮಾತ್ರಕ್ಕೆ ಅದು ಥ್ರೂ ಟಿಕೆಟ್ ಅಂತ ತಿಳಿಯಬೇಡಿ, ಷರತ್ತು ಓದಿ.

ಯುರೋಪಿಯನ್ ಒಕ್ಕೂಟದ ನಿಯಮದಂತೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ದರದ 25 ಶೇಕಡಾ, 120 ನಿಮಿಷ ಮೀರಿದರೆ 50 ಶೇಕಡಾ ಪರಿಹಾರ ಕೇಳಬಹುದು. ಭಾರೀ ಪ್ರವಾಹದಂಥ ಅಸಾಮಾನ್ಯ ಕಾರಣಕ್ಕೆ 2023ರಿಂದ ವಿನಾಯಿತಿ ಇದೆ. ಬಿಡಿ ಟಿಕೆಟ್ ಇದ್ದರೆ ಈ ಲೆಕ್ಕವೂ ಆಯಾ ಬಿಡಿ ಟಿಕೆಟ್‌ಗೆ ಮಾತ್ರ.

ಹಂತ 7: ಪಾಸ್ ಲೆಕ್ಕ

ಪಾಸ್ ಅಂದರೆ ಇಂತಿಷ್ಟು ದಿನ ಎಷ್ಟು ಬೇಕಾದರೂ ಓಡಾಡುವ ಟಿಕೆಟ್. ಯುರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್, ಹೊರಗಿನವರಿಗೆ ಯೂರೇಲ್. ಇವುಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ: ಪಾಸ್‌ನಲ್ಲಿ ಪ್ರಯಾಣ ಇದೆ, ಸೀಟು ಇಲ್ಲ. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್‌ನ ಹೆಚ್ಚಿನ ರೈಲುಗಳಿಗೆ ಸುಮ್ನೆ ಹತ್ತಬಹುದು. ಫ್ರಾನ್ಸ್, ಸ್ಪೇನ್, ಇಟಲಿಯ ಹೈಸ್ಪೀಡ್ ರೈಲುಗಳಿಗೆ ಸೀಟು ಕಾದಿರಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಯೂರೋಸ್ಟಾರ್‌ನಂಥ ರೈಲುಗಳಲ್ಲಿ ಪಾಸ್ ಇರುವವರಿಗೆ ಇಟ್ಟ ಸೀಟುಗಳೂ ಕಡಿಮೆ. ಟಿಕೆಟ್ ಸಿಗುತ್ತಿದೆ, ಪಾಸ್ ಸೀಟು ಮುಗಿದಿದೆ ಅನ್ನುವ ಪರಿಸ್ಥಿತಿ ಬರುತ್ತದೆ.

ಜಪಾನಿನ ಪಾಸ್ ಬಗ್ಗೆ ಹಳೆಯ ಸಲಹೆ ನಂಬಬೇಡಿ. 2023ರ ಅಕ್ಟೋಬರ್‌ನಲ್ಲಿ 7 ದಿನದ ಸಾಮಾನ್ಯ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೋ ಕ್ಯೋಟೋ ನಡುವೆ ಶಿಂಕಾನ್ಸೆನ್ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೂ 30,000 ಮುಟ್ಟಲ್ಲ. ಮೊದಲು ಇಷ್ಟಕ್ಕೇ ಪಾಸ್ ಹತ್ತಿರ ಹತ್ತಿರ ಗಿಟ್ಟುತ್ತಿತ್ತು, ಈಗ ಇಲ್ಲ. ಮೇಲಾಗಿ ಅತಿ ವೇಗದ ನೊಜೊಮಿ, ಮಿಜುಹೊ ರೈಲುಗಳಿಗೆ ಪಾಸ್ ಇದ್ದರೂ ಹೆಚ್ಚುವರಿ ಕಟ್ಟಬೇಕು.

ಪಾಸ್ ಲಾಭವೋ ಅನ್ನುವುದಕ್ಕೆ ದಾರಿ ಒಂದೇ. ಬಿಡಿ ಟಿಕೆಟ್‌ಗಳನ್ನೆಲ್ಲ ಕೂಡಿಸಿ. ಪಾಸ್ ಬೆಲೆಗೆ ಸೀಟು ಶುಲ್ಕಗಳನ್ನು ಕೂಡಿಸಿ. ಎರಡನ್ನೂ ನೋಡಿ. ದಿನಾಂಕ ಗೊತ್ತಿದ್ದು ಬೇಗ ಬುಕ್ ಮಾಡುವವರಿಗೆ ಬಿಡಿ ಟಿಕೆಟ್ಟೇ ಹೆಚ್ಚಾಗಿ ಗೆಲ್ಲುತ್ತದೆ. ಎಲ್ಲಿ ಇಳಿಯುತ್ತೀರಿ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಪಾಸ್.

ಹಂತ 8: ಯಾವ ಕ್ರಮದಲ್ಲಿ ಬುಕ್ ಮಾಡಬೇಕು

ಕಷ್ಟ ಬರುವುದೇ ಇಲ್ಲಿ, ಯಾಕಂದರೆ ಬುಕಿಂಗ್ ತೆರೆಯುವ ದಿನ ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದ ಆಮ್‌ಟ್ರಾಕ್ ಸುಮಾರು 11 ತಿಂಗಳು ಮೊದಲೇ ಮಾರುತ್ತದೆ. ಯುರೋಪಿನ ಹಲವು ರೈಲುಗಳು ಕೆಲವು ತಿಂಗಳು ಮೊದಲು. ಭಾರತದಲ್ಲಿ 2024ರ ನವೆಂಬರ್‌ನಿಂದ 60 ದಿನ, ಅದಕ್ಕೂ ಮೊದಲು 120 ಇತ್ತು. ಜಪಾನಿನಲ್ಲಿ ಸರಿಯಾಗಿ ಒಂದು ತಿಂಗಳು ಮೊದಲು ಬೆಳಿಗ್ಗೆ 10ಕ್ಕೆ. ಚೀನಾದಲ್ಲಿ ಎರಡೇ ವಾರ.

ಹಾಗಾಗಿ ಮೊದಲು ಹಠಮಾರಿ ರೈಲಿನ ಟಿಕೆಟ್. ಅದರ ಬುಕಿಂಗ್ ಎಲ್ಲಕ್ಕಿಂತ ಕೊನೆಗೆ ತೆರೆಯುವುದಾದರೆ, ಅಲ್ಲಿಯವರೆಗೆ ಉಳಿದ ಟಿಕೆಟ್‌ಗಳನ್ನು ತಗೊಳ್ಳಬೇಡಿ, ತಗೊಂಡರೂ ವಾಪಸ್ ಮಾಡಬಹುದಾದ ದರದಲ್ಲಿ ತಗೊಳ್ಳಿ. ಆಮೇಲೆ ದರ ಏರುತ್ತಾ ಹೋಗುವ ರೈಲುಗಳು. ಯುರೋಪಿನ ಹೈಸ್ಪೀಡ್ ರೈಲುಗಳಲ್ಲಿ ವಿಮಾನದ ಥರ ಮೊದಲು ಅಗ್ಗ, ಬರಬರುತ್ತಾ ದುಬಾರಿ. ಅಗ್ಗದ್ದು ಸಾಮಾನ್ಯವಾಗಿ ಆ ಒಂದು ರೈಲಿಗೇ ಕಟ್ಟಿಹಾಕಿದ ಟಿಕೆಟ್, ಬೇರೆ ರೈಲಿಗೆ ನಡೆಯಲ್ಲ. ಜಪಾನಿನ ಶಿಂಕಾನ್ಸೆನ್‌ನಂತೆ ದರ ಹೆಚ್ಚು ಕಡಿಮೆ ಒಂದೇ ಇರುವ ಕಡೆ ಅವಸರ ಬೇಡ. ಸ್ಥಳೀಯ ರೈಲುಗಳ ಟಿಕೆಟ್ ಆ ದಿನವೇ ತಗೊಂಡರಾಯಿತು.

ದುಡ್ಡು ಕಟ್ಟುವ ಮೊದಲು ಕಾಗದ ಪತ್ರ ನೋಡಿಕೊಳ್ಳಿ. ರೈಲಿನಿಂದ ಇಳಿಯದೆ ಒಂದು ದೇಶ ದಾಟಿದರೂ ಅದರ ವೀಸಾ ಬೇಕಾಗಬಹುದು. ಟಿಬೆಟ್‌ಗೆ 2006ರಲ್ಲಿ ಶುರುವಾದ ರೈಲು 5072 ಮೀಟರ್ ಎತ್ತರದ ತಂಗುಲಾ ಕಣಿವೆ ದಾಟಿ ಹೋಗುತ್ತದೆ. ಚೀನಾ ವೀಸಾ ಇದ್ದರೂ ವಿದೇಶಿಯರಿಗೆ ಅಲ್ಲಿ ಬೇರೆ ಪರವಾನಗಿ ಬೇಕು. ಚೀನಾದ ಟಿಕೆಟ್‌ಗೆ ಪಾಸ್‌ಪೋರ್ಟ್ ನಂಬರೇ ಆಧಾರ. ಒಂದು ಅಂಕಿ ತಪ್ಪಾದರೂ ಗೇಟಿನಲ್ಲಿ ತಕರಾರು.

ಹಂತ 9: ಹೊರಡುವ ವಾರ

ಹಳಿ ಕೆಲಸ ಇದೆಯಾ ಅಂತ ಮತ್ತೊಮ್ಮೆ ನೋಡಿ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ಮುಖ್ಯ ಹಳಿಯನ್ನು 2024ರಲ್ಲಿ ದುರಸ್ತಿಗೆ ಐದು ತಿಂಗಳು ಪೂರ್ತಿ ಮುಚ್ಚಿದ್ದರು. ಭೂಕುಸಿತದಿಂದ ಪ್ಯಾರಿಸ್ ಮಿಲಾನ್ ನೇರ ದಾರಿ 2023ರ ಆಗಸ್ಟ್‌ನಿಂದ 2025ರ ಮಾರ್ಚ್‌ವರೆಗೆ ಬಂದ್ ಇತ್ತು. ಅದೇ 2023ರ ಆಗಸ್ಟ್‌ನಲ್ಲಿ ಗೊಟಾರ್ಡ್ ಬೇಸ್ ಟನಲ್‌ನಲ್ಲಿ ಗೂಡ್ಸ್ ರೈಲು ಹಳಿ ತಪ್ಪಿತು. ಪೂರ್ತಿ ಸರಿಹೋಗಿದ್ದು 2024ರ ಸೆಪ್ಟೆಂಬರ್‌ನಲ್ಲಿ, ನಡುವೆ ತಿಂಗಳುಗಟ್ಟಲೆ ಪ್ರಯಾಣಿಕರ ರೈಲುಗಳು ಮೇಲಿನ ಹಳೆಯ ಹಳಿಯಲ್ಲೇ ಓಡಿದವು. ಟಿಕೆಟ್ ಕೈಯಲ್ಲಿದೆ ಅಂದರೆ ರೈಲು ಅದೇ ಸಮಯಕ್ಕೆ ಅದೇ ದಾರಿಯಲ್ಲಿ ಓಡುತ್ತದೆ ಅಂತ ಅಲ್ಲ.

ಬೋಗಿ ನಂಬರ್ ನೋಡಿ ಹತ್ತಿ. ರಾತ್ರಿ ರೈಲುಗಳು ದಾರಿಯಲ್ಲಿ ತುಂಡಾಗುತ್ತವೆ. ಕ್ಯಾಲೆಡೋನಿಯನ್ ಸ್ಲೀಪರ್‌ನ ಒಂದು ರೈಲು ಎಡಿನ್‌ಬರೋದಲ್ಲಿ ಮೂರಾಗಿ ಅಬರ್ಡೀನ್, ಇನ್ವರ್ನೆಸ್, ಫೋರ್ಟ್ ವಿಲಿಯಂ ಕಡೆ ಹೋಗುತ್ತದೆ. ತಪ್ಪು ಬೋಗಿಯಲ್ಲಿ ಮಲಗಿದರೆ ತಪ್ಪು ಊರಿನಲ್ಲಿ ಏಳುತ್ತೀರಿ.

ಜಪಾನಿನ ಟೊಕೈಡೊ, ಸಾನ್ಯೊ, ಕ್ಯುಶು ಶಿಂಕಾನ್ಸೆನ್‌ಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟುವ ಸೂಟ್‌ಕೇಸ್‌ಗೆ ಜಾಗ ಇರುವ ಸೀಟನ್ನು ಮೊದಲೇ ಕಾದಿರಿಸಬೇಕು. ಇಟಲಿಯ ಸ್ಥಳೀಯ ರೈಲಿನ ಕಾಗದದ ಟಿಕೆಟ್ ತಗೊಂಡಿದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಟಿಕೆಟ್‌ಗಳನ್ನು ಫೋನಿನಲ್ಲಿ ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಳ್ಳಿ. ಗಡಿ ದಾಟುವ ಹೊತ್ತಿಗೇ ಸಿಗ್ನಲ್ ಹೋಗುವುದು.

ರೈಲು ತಡವಾಗಿ ಮುಂದಿನದು ತಪ್ಪುತ್ತದೆ ಅನಿಸಿದರೆ ಇಳಿಯುವವರೆಗೆ ಕಾಯಬೇಡಿ, ರೈಲಿನಲ್ಲೇ ಕಂಡಕ್ಟರ್‌ಗೆ ಹೇಳಿ. ಟಿಕೆಟ್ ಮೇಲೆ ಬರೆದುಕೊಟ್ಟರೆ ಅಥವಾ ತಡವಾದ ಬಗ್ಗೆ ಚೀಟಿ ಕೊಟ್ಟರೆ ಜೋಪಾನವಾಗಿಡಿ. ಮುಂದಿನ ರೈಲು ಹತ್ತೋಕೂ, ಆಮೇಲೆ ಪರಿಹಾರ ಕೇಳೋಕೂ ಅದೇ ಬೇಕಾಗುತ್ತದೆ.